ಮಲ್ಲೇಶ್ವರದ ಹಿಂಬದಿಯ ದಾರಿ

ಬೆಂಗಳೂರಿನ ಮಲ್ಲೇಶ್ವರ ನೋಡೋಕೆ ಹೋದವರಿಗೆ ತೋರಿಸೋದು ಮನೆಗಳ ಮುಖ. ಮಂಗಳೂರು ಹೆಂಚು, ಮರದ ಜಾಲರಿ, ಕಿಟಕಿ ಮೇಲೆ ಟೋಪಿ ಇಟ್ಟಂತೆ ಚೂಪಾಗಿ ನಿಂತ 'ಮಂಕಿ ಟಾಪ್'. ಚೆನ್ನಾಗಿಯೇ ಇವೆ. ಇಲ್ಲ ಅಂದರೆ ಸುಳ್ಳಾಗುತ್ತೆ. ಆ ಮರ ಕೊಯ್ದವರು, ಗೋಡೆ ಎತ್ತಿದವರು ದುಡಿಯೋ ಜನವೇ.

ಆದರೆ ಗೆಳೆಯರೇ, ಆ ಮನೆಗಳ ಬೆನ್ನನ್ನೂ ನೋಡಿ. ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಸಣ್ಣದೊಂದು ಗಲ್ಲಿ ಹಾದುಹೋಗುತ್ತೆ. ಕನ್ಸರ್ವೆನ್ಸಿ ಲೇನ್ ಅಂತ ಅದರ ಹೆಸರು. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಬಳಿಯುವವರು ಬಂದುಹೋಗಲಿ ಅಂತ ಬಿಟ್ಟ ದಾರಿ. ಅವರು ಮುಂದಿನ ರಸ್ತೆಗೆ ಕಾಣಬಾರದು, ಅಂಗಳ ತುಳೀಬಾರದು, ಕೆಲಸ ಮಾತ್ರ ಆಗಬೇಕು.

ಹಳ್ಳಿಯಲ್ಲಿ ಹೊಲಗೇರಿ ಊರಾಚೆ ಇರೋದಕ್ಕೆ 'ಹಿಂದಿನಿಂದ ಬಂದದ್ದು' ಅನ್ನೋ ನೆಪ ಇದೆ. ಮಲ್ಲೇಶ್ವರಕ್ಕೆ ಆ ನೆಪವೂ ಇಲ್ಲ. ಇದು 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ನಕ್ಷೆ ಹಾಕಿ ಅಳತೆ ಹಿಡಿದು ಕಟ್ಟಿದ ಬಡಾವಣೆ. 1898ರಲ್ಲಿ ಪೇಟೆಯ ಇಕ್ಕಟ್ಟಿಗೆ ಪ್ಲೇಗು ನುಗ್ಗಿದ ಮೇಲೆ ಗಾಳಿ ಬೆಳಕು ಹುಡುಕಿಕೊಂಡು ಜನ ಇಲ್ಲಿಗೆ ಬಂದರು. ಓದು ಬಲ್ಲವರು, ನೌಕರಿಯವರು. ಅವರ ಆರೋಗ್ಯಕ್ಕೆ ಇನ್ನೊಬ್ಬನ ಮೈ ಬೇಕಾಯ್ತು. ಅಸ್ಪೃಶ್ಯತೆ ಇಲ್ಲಿ ಬಿಳಿ ಹಾಳೆಯ ಮೇಲೆ, ಸ್ಕೇಲು ಹಿಡಿದು ಗೆರೆ ಎಳೆದುಕೊಂಡಿತು.

'ಆಗ ಬೇರೆ ದಾರಿ ಇರಲಿಲ್ಲ' ಅಂತಾರೆ. ಒಳಚರಂಡಿ ಇರಲಿಲ್ಲ, ಒಪ್ಪೋಣ. ಮಲ ಹೊರಬೇಕಾದವರು ಇಂಥ ಜಾತಿಯವರೇ ಅಂತ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲಿತ್ತು? ತಲೆ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸೋಕೆ 1970ರ ದಶಕ ಬರಬೇಕಾಯ್ತು, ದಲಿತರಾದ ಬಿ. ಬಸವಲಿಂಗಪ್ಪ ಮಂತ್ರಿಯಾಗಬೇಕಾಯ್ತು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು. ಅದಾದ ಮೇಲೂ ಮ್ಯಾನ್‌ಹೋಲಿನಲ್ಲಿ ಉಸಿರುಕಟ್ಟಿ ಸತ್ತವರ ಸುದ್ದಿ ಪೇಪರಿನ ಮೂಲೆಯಲ್ಲಿ ಬಂದಿದೆ.

ಈಚೆಗೆ ಕೆಲವು ಗಲ್ಲಿಗಳ ಗೋಡೆಗೆ ಬಣ್ಣದ ಚಿತ್ರ ಬರೆದಿದ್ದಾರೆ. ಮಕ್ಕಳು ಆಡಲಿ, ಬೇಡ ಅನ್ನೋಲ್ಲ. ಆದರೆ ಪರಂಪರೆ ಉಳಿಸೋದು ಅಂದರೆ ಏನನ್ನು ಉಳಿಸೋದು? ದಿವಾನರ ಹೆಸರಿಗೆ ಪಕ್ಕದಲ್ಲೇ ಶೇಷಾದ್ರಿಪುರ ಇದೆ. ಕಿಟಕಿಯ ಟೋಪಿಗೂ ಒಂದು ಹೆಸರಿದೆ. ಗಲ್ಲಿಯಲ್ಲಿ ಬಕೆಟ್ ಹೊತ್ತು ನಡೆದವರ ಹೆಸರು ಯಾರ ನಾಲಿಗೆ ಮೇಲಿದೆ? ಆ ಚೆಲುವನ್ನು ಮೆಚ್ಚೋ ಹಕ್ಕು ನಮಗೂ ಉಂಟು. ಹೊತ್ತವರನ್ನು ಮರೆತು ಮೆಚ್ಚಿದರೆ, ಅವರನ್ನು ಇನ್ನೊಂದು ಸಲ ಹಿಂದಿನ ದಾರಿಯಲ್ಲೇ ಕಳಿಸಿದ ಹಾಗಾಯ್ತು.

ಮೇಷ್ಟ್ರುಗಳು ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆತಂದಾಗ, ವಿಧಾನಸೌಧ, ಲಾಲ್‌ಬಾಗ್ ಆದ ಮೇಲೆ ಈ ಗಲ್ಲಿಗೂ ಅರ್ಧ ಗಂಟೆ ಕೊಡಿ. ಹಿತ್ತಿಲ ಗೋಡೆಯಲ್ಲಿ ಹಳೇ ಕಕ್ಕಸಿನ ಬಾಗಿಲು ಎಲ್ಲಿತ್ತು ಅಂತ ಮಕ್ಕಳೇ ಹುಡುಕಲಿ.