ಒಡೆಯ ಯಾರು, ಒಕ್ಕಲು ಯಾರು?

ಕಳೆದ ನಾಗರಪಂಚಮಿಯ ಬೆಳಿಗ್ಗೆ ದೊಡ್ಡತೋಗೂರಿನ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ಹಾಲಿನ ಚೊಂಬು, ಅರಿಶಿನ ಕುಂಕುಮದ ತಟ್ಟೆ. ಸೆಕ್ಯೂರಿಟಿ ಹುಡುಗ ಫ್ಲಾಟ್ ನಂಬರ್ ಕೇಳುತ್ತಿದ್ದ. ಅವರ ಬಳಿ ನಂಬರ್ ಇರಲಿಲ್ಲ. ನಮ್ಮ ಜನರೇಟರ್ ಪಕ್ಕದ ಬೇವಿನ ಮರದ ಬುಡದಲ್ಲಿ ಒಂದು ನಾಗರಕಲ್ಲಿದೆ, ಅದಕ್ಕೆ ತನಿ ಎರೆಯಲು ಬಂದಿದ್ದರು. "ಜಮೀನು ಮಾರಿದ್ವಿ ಕಣಪ್ಪಾ, ನಾಗಪ್ಪನ್ನ ಮಾರ್ಲಿಲ್ವಲ್ಲ" ಎಂದರು. ನಾನು ನನ್ನ ಫ್ಲಾಟ್ ನಂಬರ್ ಕೊಟ್ಟೆ. ಹುಡುಗ ಮೊಬೈಲಿನಲ್ಲಿ ಅವರನ್ನು ನನ್ನ ಅತಿಥಿ ಎಂದು ದಾಖಲಿಸಿಕೊಂಡು ಒಳಗೆ ಬಿಟ್ಟ.

ಆ 'ಅತಿಥಿ' ಎಂಬ ಪದ ಆಮೇಲೆ ನನ್ನನ್ನು ಕಾಡತೊಡಗಿತು. ಅಲ್ಲಿ ಯಾರು ಯಾರ ಅತಿಥಿ?

ಸ್ಪ್ಯಾನಿಷ್ ಭಾಷೆಯಲ್ಲಿ 'ದುಯೆಂದೆ' ಎಂದರೆ ಮನೆಯೊಳಗೆ ಸೇರಿಕೊಂಡು ಚೇಷ್ಟೆ ಮಾಡುವ ಭೂತ. ಕವಿ ಲೋರ್ಕಾ 1933ರಲ್ಲಿ ಬ್ಯೂನಸ್ ಐರಿಸ್‌ನ ಉಪನ್ಯಾಸವೊಂದರಲ್ಲಿ ಕಲೆಯನ್ನು ಆವರಿಸುವ ನಿಗೂಢ ಶಕ್ತಿಗೆ ಈ ಪದವನ್ನು ಬಳಸಿದ. ಸಾಹಿತ್ಯದ ಓದುಗರಿಗೆ ಅದು ಹೆಚ್ಚಾಗಿ ಪರಿಚಯವಾದದ್ದು ಆ ಅರ್ಥದಲ್ಲಿ. ಪದದ ಮೂಲ ಮಾತ್ರ ಸರಳ: 'ದುಯೆನ್ ದೆ ಕಾಸಾ', ಅಂದರೆ ಮನೆಯ ಒಡೆಯ. ರೊಮೇನಿಯಾದ ಹಳ್ಳಿಗಳ ನಂಬಿಕೆಯಲ್ಲಿ ಮನೆ ಕಾಯುವುದು ಒಂದು ಹಾವು. ಗೋಡೆಯೊಳಗೋ ಹೊಸ್ತಿಲ ಕೆಳಗೋ ಇರುವ ಆ 'ಮನೆಯ ಹಾವ'ನ್ನು ಕೊಂದರೆ ಮನೆಯವರಲ್ಲೊಬ್ಬರು ಸಾಯುತ್ತಾರಂತೆ. ಇದನ್ನು ಹೇಳಿದ್ದರೆ ಆ ಅಜ್ಜಿಗೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

ಕನ್ನಡ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. ಅವರು ಭೂತವನ್ನು ಒಡೆಯ ಎಂದರು, ನಾವು ನಮ್ಮನ್ನೇ ಒಕ್ಕಲು ಎಂದುಕೊಂಡೆವು. 'ನಾವು ಮಾದಪ್ಪನ ಒಕ್ಕಲು' ಎನ್ನುತ್ತಾರೆ. ಕೆಲವು ಕಡೆ ಗೃಹಪ್ರವೇಶಕ್ಕೆ 'ಮನೆ ಒಕ್ಕಲು' ಎಂದೇ ಹೆಸರು. ಇರುವವರನ್ನು ಹೊರಗೆ ಹಾಕಿದರೆ ಅದು ಒಕ್ಕಲೆಬ್ಬಿಸುವುದು. ಕಟ್ಟಿಸಿದವನೂ ಕೊಂಡವನೂ ಈ ಮಾತಿನ ಪ್ರಕಾರ ಪೂರ್ತಿ ಒಡೆಯನಲ್ಲ.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಶುರುಮಾಡಿತು. ಆಮೇಲೆ ಸುತ್ತಲ ಹೊಲಗಳು ಸೈಟುಗಳಾದವು, ಸೈಟುಗಳು ಫ್ಲಾಟುಗಳಾದವು. ನನ್ನ ಕ್ರಯಪತ್ರ ಸರಿಯಾಗಿಯೇ ಇದೆ. ಅಜ್ಜಿಯ ಮನೆಯವರಿಗೂ ಜಮೀನಿನ ಹಣ ಸಂದಿದೆ. ಹಾಗಿದ್ದ ಮೇಲೆ ನನ್ನ ಮೇಲೆ ಇನ್ಯಾವ ಋಣ?

ನನಗೆ ಭೂತಗಳಲ್ಲಿ ನಂಬಿಕೆಯಿಲ್ಲ. ನಾಗದೋಷದ ಹೆಸರಿನಲ್ಲಿ ಹೆದರಿಸಿ ದುಡ್ಡು ಕೀಳುವುದನ್ನೂ, ಎಷ್ಟೋ ಊರುಗಳಲ್ಲಿ ಕೆಲವು ಜಾತಿಯವರನ್ನು ದೇವರ ಕಲ್ಲಿನ ಹತ್ತಿರ ಬಿಟ್ಟುಕೊಳ್ಳದಿದ್ದುದನ್ನೂ ಬಲ್ಲೆ. ಆದರೂ ಆ ನಂಬಿಕೆ ಒಂದು ಒಳ್ಳೆಯ ಕೆಲಸ ಮಾಡುತ್ತಿತ್ತು. ನಿನಗಿಂತ ಮೊದಲು ಇಲ್ಲಿ ಯಾರೋ ಇದ್ದರು, ಅವರ ಪಾಲನ್ನು ತೆಗೆದಿಡು ಎಂದು ಮನೆ ಕಟ್ಟುವವನಿಗೆ ಹೇಳುತ್ತಿತ್ತು. ನಂಬಿಕೆ ಹೋದ ಮೇಲೆ ಆ ಮಾತನ್ನು ಹೇಳುವವರು ಯಾರು? ಕ್ರಯಪತ್ರವಂತೂ ಹೇಳುವುದಿಲ್ಲ. ನಾವೇ ಹೇಳಿಕೊಳ್ಳಬೇಕು.

ನಾಗರಪಂಚಮಿಯ ದಿನ ಊರಿನವರನ್ನು ನಂಬರ್ ಕೇಳದೆ ಒಳಗೆ ಬಿಡೋಣ ಎಂದು ನಿವಾಸಿಗಳ ಸಭೆಯಲ್ಲಿ ಕೇಳಿದೆ. "ಹೊರಗಿನವರಿಗೆ ಒಮ್ಮೆ ಅಭ್ಯಾಸ ಮಾಡಿಸಿದರೆ ಕಷ್ಟ" ಎಂದರು ಒಬ್ಬರು. ಹೊರಗಿನವರು ಯಾರು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮುಂದಿನ ಶ್ರಾವಣದಲ್ಲೂ ಅಜ್ಜಿ ಬಂದರೆ ನನ್ನ ಅತಿಥಿಯಾಗಿಯೇ ಒಳಗೆ ಬರಬೇಕು.