ಇಂದಿನ ಧಮ್ಮ ಚಿಂತನೆ: ಸೆರೆಮನೆಯ ಕಿಂಡಿಯ ಮೇಲೆ ನಿಂತವನು





ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಒಂದು ದೊಡ್ಡ ಚಿತ್ರವಿದೆ. ಸ್ಥಳ ನಮ್ಮ ಶ್ರೀರಂಗಪಟ್ಟಣ, ದಿನ 1799ರ ಮೇ 4. ಕೋಟೆಯ ಬಾಗಿಲಲ್ಲಿ ಟಿಪ್ಪು ಸುಲ್ತಾನನ ದೇಹ ಬಿದ್ದಿದೆ. ದೀಪದ ಬೆಳಕಿನಲ್ಲಿ ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್ ಗೆದ್ದು ನಿಂತಿದ್ದಾನೆ. ಅವನ ಕಾಲ ಕೆಳಗೆ ಕಬ್ಬಿಣದ ಸರಳುಗಳ ಒಂದು ಕಿಂಡಿ. ಅದು ನೆಲಮಾಳಿಗೆಯ ಸೆರೆಮನೆಯದು.

ವಿಲ್ಕಿ ಅದನ್ನು ಬೇಕೆಂದೇ ಬರೆದ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೇರ್ಡ್ 1784ರವರೆಗೆ ಇದೇ ಊರಿನಲ್ಲಿ ಬಂದಿಯಾಗಿದ್ದ. 15 ವರ್ಷಗಳ ಮೇಲೆ ಕೋಟೆಗೆ ನುಗ್ಗಿದ ದಂಡಿಗೆ ಅವನೇ ಮುಂದಾಳು. ಚಿತ್ರದಲ್ಲಿ ಶತ್ರು ಸತ್ತಿದ್ದಾನೆ, ಯುದ್ಧ ಮುಗಿದಿದೆ. ಆದರೂ ಗೆದ್ದವನು ನಿಂತಿರುವುದು ತನ್ನ ಹಳೆಯ ಸೆರೆಮನೆಯ ಮೇಲೆಯೇ.

ಬೇರ್ಡ್‌ನ ತಾಯಿಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ಬಂದಿಗಳನ್ನು ಇಬ್ಬಿಬ್ಬರಾಗಿ ಸರಪಳಿಗೆ ಬಿಗಿದಿದ್ದಾರೆಂದು ಕೇಳಿದಾಗ, ಮಗನ ಸಿಡುಕು ಬಲ್ಲ ಆಕೆ ಮರುಗಿದ್ದು ಮಗನಿಗಾಗಿ ಅಲ್ಲವಂತೆ, ಅವನ ಜೊತೆ ಕಟ್ಟಿಸಿಕೊಂಡವನಿಗಾಗಿ!

ನಗು ಬರುತ್ತದೆ. ಆದರೆ ನಮ್ಮ ಮನೆಗಳನ್ನು ನೋಡೋಣ. ಗಡಿಕಲ್ಲಿನ ಜಗಳದಲ್ಲಿ ಅಣ್ಣ ತಮ್ಮಂದಿರು ಮಾತು ಬಿಡುತ್ತಾರೆ. ಹಬ್ಬ ಬಂದರೂ ಮಕ್ಕಳು ಚಿಕ್ಕಪ್ಪನ ಅಂಗಳಕ್ಕೆ ಕಾಲಿಡುವಂತಿಲ್ಲ. ಜಗಳವೇ ಗೊತ್ತಿಲ್ಲದ ಮಕ್ಕಳ ಕಾಲಿಗೂ ಅದೇ ಸರಪಳಿ.

ಸಂಯುತ್ತ ನಿಕಾಯದ ಬಂಧನ ಸುತ್ತದಲ್ಲಿ, ಕೋಸಲದ ರಾಜ ಪಸೇನದಿ ಅನೇಕರನ್ನು ಹಗ್ಗ, ಸಂಕೋಲೆಗಳಿಂದ ಕಟ್ಟಿಸಿದ ಸುದ್ದಿಯನ್ನು ಭಿಕ್ಖುಗಳು ತರುತ್ತಾರೆ. ಭಗವಾನರು ಕೊಟ್ಟ ಉತ್ತರದ ಸಾರ ಇಷ್ಟು: ಕಬ್ಬಿಣ, ಮರ, ಹಗ್ಗದ ಕಟ್ಟು ಗಟ್ಟಿಯಲ್ಲ. ಒಡವೆ, ಹೆಂಡತಿ, ಮಕ್ಕಳ ಮೇಲಿನ ಮೋಹದ ಕಟ್ಟೇ ಗಟ್ಟಿ. ಅದು ಸಡಿಲವಾಗಿ ಕಾಣುತ್ತದೆ, ಬಿಡಿಸಹೋದರೆ ಬಿಡದು. ವೈರದ ಗುಣವೂ ಹಾಗೆಯೇ. "ನನಗೇನೂ ಕೋಪವಿಲ್ಲ" ಎನ್ನುತ್ತೇವೆ. ಆ ಹೆಸರು ಕಿವಿಗೆ ಬಿದ್ದೊಡನೆ ಮುಖ ಬಿಗಿಯುತ್ತದೆ.

ಹಾಗಾದರೆ ಅನ್ಯಾಯವನ್ನು ಸುಮ್ಮನೆ ಸಹಿಸಬೇಕೆ? ಬೇಡ. 1930ರ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಕರನಿರಾಕರಣೆಯಲ್ಲಿ ಈ ತಾಲೂಕಿನ ಎಷ್ಟೋ ರೈತರು ಜಮೀನು ಕಳೆದುಕೊಂಡು ಜೈಲು ಸೇರಿದರು. ಕಾಯಿದೆಯನ್ನು ಎದುರಿಸು, ಅಧಿಕಾರಿಯನ್ನು ದ್ವೇಷಿಸಬೇಡ ಎಂಬುದು ಗಾಂಧೀಜಿ ಕೊಟ್ಟ ದಾರಿ. ಆ ದಾರಿ ಹಿಡಿದವನು ಜೈಲಿನ ಬಾಗಿಲೊಳಗೆ ಹೋದರೂ ಬಿಡುಗಡೆಯಲ್ಲೇ ಇರುತ್ತಾನೆ. ದ್ವೇಷ ಹೊತ್ತವನು ಬಾಗಿಲಿಂದ ಹೊರಬಂದರೂ ಒಳಗೇ ಇರುತ್ತಾನೆ.

ಗಡಿ ಅಳೆಸೋಣ, ಕೋರ್ಟಿಗೂ ಹೋಗೋಣ. ಆದರೆ ಮಕ್ಕಳನ್ನು ಆ ಅಂಗಳಕ್ಕೆ ಆಡಲು ಬಿಡೋಣ.

*ಇಂದಿನ ಅಭ್ಯಾಸ:* ಮಲಗುವ ಮುನ್ನ ಐದು ನಿಮಿಷ ಕುಳಿತು, ಉಸಿರು ಗಮನಿಸಿ. ಮಾತು ಬಿಟ್ಟ ಒಬ್ಬರನ್ನು ನೆನೆಯಿರಿ. ಅವರಿಗೆ ಸುಖವಾಗಲಿ ಎಂದು ಹಾರೈಸಿ. ಮನಸ್ಸು ಒಪ್ಪದಿದ್ದರೆ ಬಲವಂತ ಬೇಡ. ಆ ಒಪ್ಪದಿರುವುದನ್ನೇ ಗಮನಿಸಿ. ನಿಮ್ಮ ಜೊತೆ ಅದೇ ಸರಪಳಿಯಲ್ಲಿ ಯಾರಿದ್ದಾರೆಂದು ಕೇಳಿಕೊಳ್ಳಿ. ನಾಳೆ ಅವರಲ್ಲಿ ಒಬ್ಬರನ್ನಾದರೂ ಬಿಡಿಸಿ.

ಭವತು ಸಬ್ಬ ಮಂಗಲಂ 🙏
ಅಧ್ಯಯನ ಬಳಗ, ಬೆಳಂಬಾರ