ಕೆಂಪಾದದ್ದೆಲ್ಲ ಎಳೆಯದಲ್ಲ

(ಮಂಗಳೂರಿನ ಮಣ್ಣಗುಡ್ಡದ ಒಂದು ಮನೆಯ ಟೆರೇಸು. ಗುರ್ಜಿ ಉತ್ಸವ ಕಳೆದು ಜನವರಿ. ರಾತ್ರಿ ಹತ್ತು ಗಂಟೆ. ತರ್ಕ ಓದಿದ ಅಜ್ಜ, ಭೌತಶಾಸ್ತ್ರ ಓದುತ್ತಿರುವ ಪುಳ್ಳಿ.)

ಪುಳ್ಳಿ: ದಕ್ಷಿಣಕ್ಕೆ ನೋಡಿ ಅಜ್ಜ. ದಿಗಂತದಿಂದ ಏಳೇ ಡಿಗ್ರಿ ಮೇಲೆ ದೊಡ್ಡ ಮೆಗಲಾನಿಕ್ ಮೋಡ ಉಂಟು. ನಮ್ಮ ನೆರೆಯ ಗ್ಯಾಲಕ್ಸಿ.

ಅಜ್ಜ: ನನಗೆ ಪೇಟೆಯ ಬೆಳಕು ಮಾತ್ರ ಕಾಣುವುದು.

ಪುಳ್ಳಿ: ನನಗೂ ಅಷ್ಟೇ. ಹೊಸಕೋಟೆಯಲ್ಲಿ ಕೂತು ನಡೆಸುವ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ ಉಂಟಲ್ಲ, ಅದಕ್ಕೆ ಅವಕೆಂಪು ಉಪಕರಣವೂ ಇದೆ. ಆದರೆ ಅಷ್ಟು ಉತ್ತರದಲ್ಲಿ ಈ ಮೋಡ ಉದಯಿಸುವುದೇ ಇಲ್ಲ. ನೋಡಿದ್ದು ಬಾಹ್ಯಾಕಾಶದ ಸ್ಪಿಟ್ಜರ್ ದೂರದರ್ಶಕ. 2008ರಲ್ಲಿ ಸುಮಾರು 1000 ಎಳೆಯ ತಾರೆಗಳ ಪಟ್ಟಿ ಬಂತು.

ಅಜ್ಜ: 1,60,000 ಜ್ಯೋತಿರ್ವರ್ಷ ಆಚೆಯದ್ದರ ಪ್ರಾಯ ಹೇಗೆ ಗೊತ್ತಾಯಿತು ಮಾರಾಯ್ತಿ? ತಾರೆ ಕಂಡಿತಾ?

ಪುಳ್ಳಿ: ಇಲ್ಲ. ಅದು ತಾನು ಹುಟ್ಟಿದ ಧೂಳಿನಲ್ಲೇ ಹುದುಗಿರುತ್ತದೆ. ಬೆಳಕನ್ನು ಧೂಳು ನುಂಗಿ, ಬಿಸಿಯಾಗಿ, ಅವಕೆಂಪಿನಲ್ಲಿ ಹೊರಗೆ ಬಿಡುತ್ತದೆ. ನಮಗೆ ಸಿಗುವುದು ಧೂಳಿನ ಕಾವು.

ಅಜ್ಜ: ಹಾಗಾದರೆ ಪ್ರತ್ಯಕ್ಷವಲ್ಲ, ಅನುಮಾನ. ಗುಡ್ಡದಲ್ಲಿ ಹೊಗೆ, ಆದ್ದರಿಂದ ಬೆಂಕಿ. ಆಕ್ಷೇಪವಿಲ್ಲ, ವ್ಯಾಪ್ತಿ, ಎಂದರೆ ಎರಡರ ತಪ್ಪದ ನಂಟು, ಗಟ್ಟಿ ಇರಬೇಕು ಅಷ್ಟೆ. ಧೂಳು ಬಿಸಿಯಾದರೆ ಒಳಗಿನ ಬೆಂಕಿ ಹೊಸತೇ ಆಗಬೇಕಾ?

ಪುಳ್ಳಿ: ಬೇಕಿಲ್ಲ, ಅದೇ ತಾಪತ್ರಯ. ಕೆಲವು ತಾರೆಗಳು ಮುಪ್ಪಿನಲ್ಲಿ ತಾವೇ ಧೂಳು ಉಗುಳಿ ಮುಸುಕು ಹಾಕಿಕೊಳ್ಳುತ್ತವೆ. ಅವೂ ಕೆಂಪೇ. ಹಿಂದೆ ಬಹುದೂರದಲ್ಲಿರುವ ಗ್ಯಾಲಕ್ಸಿಗಳೂ ಹಾಗೆಯೇ ತೋರಬಹುದು.

ಅಜ್ಜ: ಹೇತು ಸವ್ಯಭಿಚಾರ ಆಯಿತು! ಕೆಂಪು ಎಳೆಯದರಲ್ಲೂ ಉಂಟು, ಮುದಿಯದರಲ್ಲೂ ಉಂಟು.

ಪುಳ್ಳಿ: ಅದಕ್ಕೇ ಪಟ್ಟಿಯಲ್ಲಿ ‘ಸಂಭಾವ್ಯ’ ಅಂತಲೇ ಬರೆದರು. ಗಟ್ಟಿ ಮಾಡಲು ರೋಹಿತ ತೆಗೆಯಬೇಕು. ಎಳೆಯದರ ಸುತ್ತಲಿನ ತಣ್ಣನೆಯ ಧೂಳಿಗೆ ಇಂಗಾಲದ ಡೈಆಕ್ಸೈಡ್ ಹಿಮವಾಗಿ ಅಂಟಿರುತ್ತದೆ. 15 ಮೈಕ್ರಾನ್ ಹತ್ತಿರ ಅದರ ಗುರುತು ಬೀಳುತ್ತದೆ. 2009ರಲ್ಲಿ ಇನ್ನೊಂದು ತಂಡ ಅಲ್ಲಿಯ 294 ಕಾಯಗಳ ರೋಹಿತ ನೋಡಿತು. 277 ಎಳೆಯವೇ. ಉಳಿದವುಗಳಲ್ಲಿ ಮುದಿ ತಾರೆಗಳೂ ಸಿಕ್ಕಿಬಿದ್ದವು.

ಅಜ್ಜ: ಬೆಳಕು ಹೊರಟೇ 1,60,000 ವರ್ಷ. ಆವಾಗಿನ ಎಳೆಯದು ಈಗಲೂ ಎಳೆಯದಾ?

ಪುಳ್ಳಿ: ಭಾರೀ ತಾರೆಗಳು ಬೇಗ ಬೆಳೆಯುತ್ತವೆ. ಕೆಲವು ಇಷ್ಟರಲ್ಲಿ ಧೂಳು ಸರಿಸಿ ಹೊರಬಂದಿರಬಹುದು.

ಅಜ್ಜ: ಹಾಗಾದರೆ ‘ಎಳೆಯದಾಗಿತ್ತು’ ಎನ್ನು.

ಪುಳ್ಳಿ: ನಾನು ಒಪ್ಪುವುದಿಲ್ಲ. ಆ ಮೋಡದಲ್ಲಿರುವ ಎಲ್ಲವೂ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರ, ಎಲ್ಲದರ ತಡವೂ ಒಂದೇ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ಯಾವುದು ಹೆಚ್ಚು ಪ್ರಖರ, ಯಾವುದು ಮೊದಲಿನ ಹಂತ ಎಂದು ಹೇಳಬಹುದು. ನಮ್ಮದೇ ಕ್ಷೀರಪಥದಲ್ಲಿ ಒಂದೊಂದರ ದೂರ ಗೊತ್ತುಮಾಡುವುದೇ ದೊಡ್ಡ ರಗಳೆ. ಹೊರಗಿನ ಮನೆ ನೋಡುವುದು ಅದಕ್ಕೇ.

ಅಜ್ಜ: ಹೋಲಿಕೆಗೆ ಸರಿ. ಪ್ರಾಯಕ್ಕೆ ಇನ್ನೂ ಸಾಧನೆ ಬೇಕು. ಕೂತುಕೊ, ಮುಂದೆ ಹೇಳು.